ದೋಣಿ ಸೋರುತ್ತಿರಲಿಲ್ಲ

ಫೆಬ್ರವರಿ ೧೧, ಮಂಗಳವಾರ ಸಂಜೆ

ಪ್ರೀತಿಯ ಸೂಜಿಗೆ,

ತಲುಪಿದೆವು. ನೀನು ಹೇಳಿಕೊಟ್ಟಂತೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಬೀಗರಿಗೇ ಬಿಟ್ಟೆ. ನಿಮ್ಮ ಮಾವ ಹತ್ತು ನಿಮಿಷಕ್ಕೇ ನಿದ್ದೆ ಹೋಗಿ ದಾರಿಯುದ್ದಕ್ಕೂ ನನ್ನ ಹೆಗಲನ್ನು ದಿಂಬು ಮಾಡಿಕೊಂಡರು. ಇಬ್ಬರು ಬೀಗರು ನಾಲ್ಕು ದಿನ ಜೊತೆಗಿದ್ದರೆ ಸಂಬಂಧ ಗಟ್ಟಿಯಾಗುತ್ತದೆ ಅಂತ ನೀನು ನಮ್ಮನ್ನು ಕಳಿಸಿದ್ದೀಯ. ಹೆಗಲಂತೂ ಈಗಲೇ ಗಟ್ಟಿಯಾಗಿ ಹಿಡಿದುಕೊಂಡಿದೆ.

ಊರಿನಲ್ಲಿ ಸದ್ದೇ ಇಲ್ಲ. ಇರುವುದೊಂದು ಬೀದಿ, ಅದೂ ಕೆರೆಯ ತನಕ ಹೋಗಿ ಮುಂದೆ ದಾರಿ ತೋಚದೆ ನಿಂತುಬಿಟ್ಟಿದೆ. ಕೆರೆ ಅನ್ನುವುದು ಬಾಯಿಮಾತಿಗೆ. ಆಚೆ ದಡ ಕಣ್ಣಿಗೆ ಸಿಕ್ಕುವುದಿಲ್ಲ. ಲಾಡ್ಜಿನ ಕೋಣೆಯಲ್ಲಿ ಎರಡು ಮಂಚ, ಒಂದು ಮೇಜು, ಗೋಡೆಯ ಮೇಲೆ ವಾರ್ನಿಷ್ ಹೊಡೆದ ಒಂದು ದೊಡ್ಡ ಮೀನು. ಎಲ್ಲಿ ಮಲಗಿದರೂ ಅದರ ಗಾಜಿನ ಕಣ್ಣು ನಮ್ಮನ್ನೇ ನೋಡುತ್ತದೆ. ಬೀಗರು ಅದಕ್ಕೆ ಟವೆಲ್ ಮುಚ್ಚಿ, "ತನ್ನ ಸಂಬಂಧಿಕರನ್ನ ಹಿಡಿಯೋಕೆ ಬಂದಿದೀವಿ ಅಂತ ಗೊತ್ತಾಗಿದೆ ಇದಕ್ಕೆ" ಅಂದರು. ಅವರು ತಂದಿರುವ ಗಾಳ, ನೂಲು, ಬೆಂಡುಗಳ ಪೆಟ್ಟಿಗೆ ನೋಡಿದರೆ ಮೀನುಗಳು ತಾವಾಗಿಯೇ ಶರಣಾಗಬೇಕು. ನನಗೂ ಒಂದು ಟೋಪಿ ತಂದಿದ್ದಾರೆ. ಹಾಕಿಕೊಂಡರೆ ಮುಚ್ಚಳ ಹಾಕಿದ ಅಂಟಿನ ಡಬ್ಬಿಯ ಹಾಗೆ ಕಾಣುತ್ತೇನೆ.

ಒಂದು ಮಾತು ನಿನಗೆ ಮಾತ್ರ. ಲಾಡ್ಜಿನ ಮ್ಯಾನೇಜರಿಗೆ ಅವರು ನನ್ನನ್ನು, "ನಮ್ಮ ಬೀಗರು, ಪುಸ್ತಕದ ವ್ಯವಹಾರ" ಅಂತ ಪರಿಚಯಿಸಿದರು. ನಾನು ಬೈಂಡರ್, ಹೊಲಿದು ಅಂಟು ಹಾಕುವವನು ಅನ್ನಬಹುದಿತ್ತು. ಅನ್ನಲಿಲ್ಲ. ಅಂಟು ಮೆತ್ತಿದ ಉಗುರು ಕಾಣದ ಹಾಗೆ ಕೈಯನ್ನು ಜೇಬಿಗೆ ಹಾಕಿಕೊಂಡೆ.

ದೋಣಿ ಬಾಡಿಗೆಗೆ ಕೊಡುವವಳು ಐವತ್ತರ ಆಸುಪಾಸಿನ ಹೆಂಗಸು. ಊರಿಗೆಲ್ಲ ದೋಣಿಯಕ್ಕ. ಒಂದು ದೋಣಿಯಲ್ಲಿ ತಾನು ಬಲೆ ಬೀಸುತ್ತಾಳೆ, ಇನ್ನೊಂದನ್ನು ನಮ್ಮಂಥ ಹವ್ಯಾಸಿಗಳಿಗೆ ಕೊಡುತ್ತಾಳೆ. "ಲೈಫ್ ಜಾಕೆಟ್ ಬಿಚ್ಚಬಾರ್ದು, ದೋಣೀಲಿ ಎದ್ದು ನಿಲ್ಲಬಾರ್ದು. ಇವೆರಡು ಬಿಟ್ಟು ಏನು ಬೇಕಾದ್ರೂ ಮಾಡ್ಕೊಳ್ಳಿ" ಅಂದಳು. ಬೀಗರಿಗೆ ಈಜು ಬಾರದು. ನನಗೆ ಬರುತ್ತದೆ ಅಂದಾಗ ಬೆನ್ನು ತಟ್ಟಿ, "ನೀವಿದ್ದ ಮೇಲೆ ನನಗೇನ್ರೀ ಭಯ" ಅಂದರು. ಒಳ್ಳೆಯ ಮನುಷ್ಯ ಕಣೇ. ಗೊರಕೆಯೊಂದು ಬಿಟ್ಟರೆ.

ನಿನ್ನ ಅಪ್ಪ

ಫೆಬ್ರವರಿ ೧೭

ಅಪ್ಪಾ,

ಫೋನಿನಲ್ಲಿ ನೀನು "ಹೂಂ" ಬಿಟ್ಟು ಇನ್ನೇನೂ ಹೇಳುವುದಿಲ್ಲ, ಅದಕ್ಕೇ ಈ ಕಾಗದ. ದೋಣಿ ಮಗುಚಿತಂತೆ ಅಂತ ಲಾಡ್ಜಿನವರು ಫೋನ್ ಮಾಡಿದರು. ಇಬ್ಬರೂ ಕ್ಷೇಮ ಅಂತ ಅವರು ಮೂರು ಸಲ ಹೇಳಿದರು. ಮೂರನೇ ಸಲ ನನಗೆ ಕೇಳಿಸಿತು.

ಮಾವ ಮನೆಗೆ ಬಂದಾಗಿನಿಂದ ಬಾಯಿ ಮುಚ್ಚಿಲ್ಲ. "ನಾನು ತಳಕ್ಕೆ ಹೋಗಿದ್ದೆ ಕಣ್ರೋ, ಬೀಗರು ಎಳ್ಕೊಂಡು ಬಂದ್ರು! ಅರವತ್ತು ವರ್ಷದ ಮನುಷ್ಯ, ಈ ಗಾತ್ರದವನನ್ನ!" ಅಂತ ಹೊಟ್ಟೆ ತಟ್ಟಿ ತೋರಿಸುತ್ತಾರೆ. ಹಾಲಿನವನಿಗೂ ಹೇಳಿಯಾಯಿತು, ಅಂಗಡಿಗೆ ಬಟ್ಟೆ ಕೊಳ್ಳಲು ಬಂದವರಿಗೂ ಹೇಳಿಯಾಯಿತು.

ಅತ್ತೆಯ ವಿಷಯ ಕೇಳು. ಈ ಮನೆಗೆ ಬಂದು ಎರಡು ವರ್ಷ, ನನ್ನ ಬೆನ್ನ ಹಿಂದೆ ನಾನು "ಬೈಂಡರ್ ಮಗಳು." ನಿನಗೆ ಗೊತ್ತಿತ್ತು, ನನಗೆ ಗೊತ್ತಿದೆ ಅಂತಲೂ ನಿನಗೆ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಪಕ್ಕದ ಮನೆಯಾಕೆ ಬಂದಾಗ ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು, "ಇವಳಪ್ಪನೇ ನಮ್ಮ ಯಜಮಾನರನ್ನ ಉಳಿಸಿದ್ದು" ಅಂದರು. ಕೈ ತೆಗೆಯಲೇ ಇಲ್ಲ, ಅಪ್ಪ. ಇವತ್ತು ಬೀರುವಿನ ಕೀಲಿ ಕೊಟ್ಟು, "ನೀನೇ ಇಟ್ಕೋಮ್ಮ" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಚಿಕ್ಕವಳಿದ್ದಾಗ ನಿನಗೆ ಸೂಜಿಗೆ ದಾರ ಪೋಣಿಸಿಕೊಡುತ್ತಾ, ನಮ್ಮಪ್ಪ ಯಾರಿಗೂ ಕಾಣದ ಕೆಲಸ ಮಾಡುವವನು ಅಂದುಕೊಳ್ಳುತ್ತಿದ್ದೆ. ಈಗ ಎಲ್ಲರಿಗೂ ಕಂಡಿತು.

ನಿನ್ನ ಸೂಜಿ

ಮಾರ್ಚ್ ೩

ಸೂಜಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಕೆಲಸ ಹೆಚ್ಚಿತ್ತು. ಹಾಗೇನೂ ಇರಲಿಲ್ಲ.

ಆ ವಿಷಯವನ್ನು ಎಲ್ಲರ ಮುಂದೆ ಅಷ್ಟು ಹೇಳಬೇಡ. ಬೀಗರಿಗೂ ಹೇಳು, ಸಾಕು ಅಂತ. ನೀರಿನಲ್ಲಿ ಏನು ನಡೆಯಿತು ಅಂತ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಜನ ಒಂದಕ್ಕೆ ಎರಡು ಸೇರಿಸುತ್ತಾರೆ.

ಅತ್ತೆ ಕೀಲಿ ಕೊಟ್ಟದ್ದು ನೀನು ಮನೆ ನಡೆಸುವ ರೀತಿ ನೋಡಿ. ನನ್ನಿಂದ ಅಂದುಕೊಳ್ಳಬೇಡ. ದಯವಿಟ್ಟು ಅಂದುಕೊಳ್ಳಬೇಡ.

ಆವತ್ತು ನೀರಿನಲ್ಲಿ ನೆನೆದು ಬಂದಿದ್ದ ಕೆಮ್ಮು ವಾಸಿಯಾಗಿದೆ.

ಅಪ್ಪ

ಮಾರ್ಚ್ ೨೦

ಬೀಗರಿಗೆ ನಮಸ್ಕಾರ.

ನೀವು ಫೋನ್ ಎತ್ತುವುದಿಲ್ಲ, ಎತ್ತಿದರೆ ಅಂಗಡಿಯಲ್ಲಿ ಯಾರೋ ಬಂದರು ಅನ್ನುತ್ತೀರಿ. ದೊಡ್ಡ ಕೆಲಸ ಮಾಡಿದವರೆಲ್ಲ ಹೀಗೇ ಅಂತ ನಮ್ಮ ಮನೆಯವಳು ಹೇಳಿದಳು. ಅವಳು ಒಬ್ಬರನ್ನು ಹೊಗಳಿದ್ದು ನಾನು ಮದುವೆಯಾದ ಮೇಲೆ ಇದೇ ಮೊದಲು, ಗುರುತು ಹಾಕಿ ಇಟ್ಟುಕೊಳ್ಳಿ.

ವಿಷಯ ಏನಪ್ಪಾ ಅಂದರೆ, ಮೇ ೨೫, ಭಾನುವಾರ, ನಮ್ಮ ಬಟ್ಟೆ ವರ್ತಕರ ಸಂಘದ ವಾರ್ಷಿಕ ಸಭೆ. ವೇದಿಕೆಯ ಮೇಲೆ ಕೂರಿಸಿ ನಿಮಗೆ ಸನ್ಮಾನ. ಬೇಡ ಅನ್ನುವ ಹಾಗಿಲ್ಲ, ಠರಾವು ಪಾಸಾಗಿದೆ. ಸಂಘದವರು ತರುವ ಪುಸ್ತಿಕೆಯಲ್ಲಿ ನಿಮ್ಮ ಫೋಟೋ ಹಾಕಿ ಒಂದು ಪುಟ ಬರೆಸಿದ್ದೇನೆ. ಅದರ ಬೈಂಡಿಂಗ್ ನಮ್ಮ ಬೀಗರಿಗೇ ಆಗಬೇಕು ಅಂತ ಹಟ ಹಿಡಿದು ನಿಮಗೇ ಕೊಡಿಸಿದ್ದೇನೆ, ಮುದ್ರಣ ಮುಗಿದ ಕೂಡಲೇ ಹಾಳೆಗಳು ನಿಮ್ಮ ಬಾಗಿಲಿಗೆ ಬರುತ್ತವೆ. "ಪುಸ್ತಕದ ವ್ಯವಹಾರ" ಅಂತ ಸುತ್ತಿಬಳಸಿ ಹೇಳಿದ್ದೆನಲ್ಲ, ಅದಕ್ಕೆ ಕ್ಷಮೆ ಇರಲಿ. ಈಗ "ನಮ್ಮ ಬೀಗರು ಬೈಂಡರ್" ಅಂತ ಎದೆ ತಟ್ಟಿ ಹೇಳುತ್ತೇನೆ.

ಗಾಳಕ್ಕೆ ಮೀನು ಕಚ್ಚಿದ ಮೇಲೆ ಏನಾಯಿತೋ ನನಗೆ ನೆನಪಿಲ್ಲ. ಒಂದೇ ಒಂದು ಉಳಿದಿದೆ. ಕಂಕುಳಿನ ಕೆಳಗೆ ಒಂದು ಕೈ, ಒರಟು ಕೈ, ದುಡಿದ ಕೈ. ಆಗಾಗ ನೆನಪಾದರೆ ಆ ಜಾಗ ಮುಟ್ಟಿ ನೋಡಿಕೊಳ್ಳುತ್ತೇನೆ.

ನಿಮ್ಮವನೇ ಆದ
ಬೀಗ

ಏಪ್ರಿಲ್ ೮

ಸಾರ್ ಅವರಿಗೆ,

ನಾನು ಕೆರೆ ಹತ್ರದ ದೋಣಿಯವಳು. ನಿಮ್ಮ ವಿಳಾಸ ಲಾಡ್ಜಿನ ಪುಸ್ತಕದಲ್ಲಿ ನೋಡಿ ಬರ್ಕೊಂಡೆ. ನನಗೆ ಬರೆಯೋದು ಅಷ್ಟಾಗಿ ಬರಲ್ಲ, ತಪ್ಪಿದ್ರೆ ತಿದ್ದಿ ಓದ್ಕೊಳ್ಳಿ.

ನನ್ನ ಎರಡೂ ದೋಣೀನ ಮೀನುಗಾರಿಕೆ ಕಚೇರಿಯವರು ತಗೊಂಡು ಹೋಗಿ ಎರಡು ತಿಂಗಳಾಗ್ತಾ ಬಂತು. ಪರವಾನಗಿ ನಿಲ್ಲಿಸಿದ್ದಾರೆ. ಯಾಕೆ ಅಂದ್ರೆ ದೋಣಿ ಸೋರ್ತಿತ್ತು ಅಂತ ನೀವು ಬರೆದು ಸಹಿ ಹಾಕಿದ್ದೀರಂತೆ. ಕಾಗದ ತೋರಿಸಿದ್ರು, ನೋಡಿದೆ. ಸಾರ್, ನೀವು ಬರೋಕೆ ಮುಂಚೆ ಅದೇ ವಾರ ನಾನು ಅದನ್ನ ಮಗುಚಿ ಹಾಕಿ ಟಾರು ಬಳಿದಿದ್ದೆ. ನಿಮ್ಮ ಪ್ಯಾಂಟಿಗೆ ಸ್ವಲ್ಪ ಮೆತ್ಕೊಂಡು ನೀವು ಸೀಮೆಎಣ್ಣೆ ಕೇಳಿದ್ರಿ. ಸೋರೋ ದೋಣಿಯಲ್ಲಿ ನಾನು ಜನಾನ ಕಳಿಸಲ್ಲ. ನನ್ನ ಗಂಡ ಹೋಗಿದ್ದು ಅದೇ ಕೆರೇಲಿ.

ಆ ದಿನ ನಾನು ಬಲೆ ಎಳೀತಾ ನಿಮ್ಮ ಕಡೆಗೇ ತಿರುಗಿ ಕೂತಿದ್ದೆ. ನಾನು ನೋಡಿದ್ದು ನನ್ನಲ್ಲೇ ಇರುತ್ತೆ. ಆ ಯಜಮಾನ್ರನ್ನ ಎಳೆದವರು ಯಾರು ಅಂತ ನನಗೆ ಬೇಕಾಗಿಲ್ಲ, ನಿಮ್ಮ ಹೆಸರೇ ಇರ್ಲಿ, ಅದರಿಂದ ನನಗೇನೂ ಕಮ್ಮಿ ಆಗಲ್ಲ. ದೋಣಿ ಸೋರ್ತಿತ್ತು ಅಂದಿದ್ದೀರಲ್ಲ, ಅದೊಂದು ಮಾತ್ರ ತೆಗೆಸಿಕೊಡಿ. ಈಗ ಲಾಡ್ಜಲ್ಲಿ ಪಾತ್ರೆ ತೊಳೀತಿದ್ದೀನಿ. ಪಾತ್ರೆ ತೊಳೆಯೋದು ಕೆಟ್ಟ ಕೆಲಸ ಅಂತಲ್ಲ. ಕಿಟಕಿಯಿಂದ ನೀರು ಕಾಣುತ್ತೆ, ಅದಕ್ಕೆ ಕಷ್ಟ.

ಯಜಮಾನ್ರು ಹುಷಾರಾಗಿದ್ದಾರಾ? ಕೇಳ್ದೆ ಅಂತ ಹೇಳಿ.

ದೋಣಿಯವಳು

ಏಪ್ರಿಲ್ ೨೨

ಸೂಜಿ,

ಇದನ್ನು ಒಬ್ಬಳೇ ಇರುವಾಗ ಓದು. ಬಾಗಿಲು ಹಾಕಿಕೋ.

ಆ ಊರಿನಲ್ಲಿ ಅದು ಮೂರನೇ ದಿನ, ಗುರುವಾರ. ಬೆಳಿಗ್ಗೆ ಎಂಟೂವರೆ. ದೋಣಿಯಲ್ಲಿ ನಾವಿಬ್ಬರೇ. ಬಿಸಿಲು ಏರಿತ್ತು, ಜಾಕೆಟ್ ಬಿಚ್ಚಿದ್ದೆವು. ಬೀಗರು ತಮ್ಮದನ್ನು ಮಡಿಸಿ ಮೆತ್ತೆ ಮಾಡಿಕೊಂಡು ಕೂತಿದ್ದರು. ಬೆಂಡು ಒಂದೇ ಏಟಿಗೆ ನೀರೊಳಗೆ ಹೋಯಿತು. ಕೋಲು ಬಿಲ್ಲಿನ ಹಾಗೆ ಬಾಗಿತು. "ಬೀಗರೇ, ಇದು ನಿಮ್ಮ ಬೀಗಿತ್ತಿಗಿಂತ ಜೋರಾಗಿದೆ!" ಅಂತ ಅವರು ನಕ್ಕರು. ನನಗೂ ನಗು. ಮೀನಿನ ಬೆನ್ನು ಮೇಲೆ ಬಂದು ಹೊಳೆದದ್ದೇ ತಡ, ನಾನು ಎದ್ದು ನಿಂತೆ. ಅಷ್ಟೇ. ದೋಣಿ ಸೋರುತ್ತಿರಲಿಲ್ಲ.

ನೀರಿಗೆ ಬಿದ್ದ ಮೇಲೆ ಅವರು ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡರು. ಇಬ್ಬರೂ ಮುಳುಗಿದೆವು. ಆಗ ನಿನ್ನ ನೆನಪಾಯಿತು ಅಂತ ಬರೆಯುವ ಆಸೆ. ಯಾರ ನೆನಪೂ ಆಗಲಿಲ್ಲ. ಅವರ ಕೈ ಬಿಡಿಸಿಕೊಂಡೆ, ಈಜಿದೆ. ತಿರುಗಿ ನೋಡಲಿಲ್ಲ. ದಡ ಹತ್ತಿರವೇ ಇತ್ತು. ಕಲ್ಲಿನ ಮೇಲೆ ಕೂತು ಉಸಿರೆಳೆದುಕೊಳ್ಳುತ್ತಿದ್ದೆ, ಗೊತ್ತೇ? ಕೂತಿದ್ದೆ.

ಅವರನ್ನು ತಂದವಳು ದೋಣಿಯಕ್ಕ. ತನ್ನ ದೋಣಿಯಿಂದ ಹಾರಿ, ಮುಳುಗಿ, ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದಳು. ಮೊಣಕಾಲುದ್ದ ನೀರಿಗೆ ಬಂದಾಗ "ಎಳ್ಕೊಳ್ರೀ!" ಅಂತ ನನ್ನ ಮೇಲೆ ಕೂಗಿದಳು. ಎಳೆದುಕೊಂಡೆ. ಅವಳು ಹಾಗೇ ತಿರುಗಿ, ತೇಲಿ ಹೋಗುತ್ತಿದ್ದ ದೋಣಿ ಹಿಡಿಯಲು ಹೋದಳು. ಅಷ್ಟರಲ್ಲಿ ಲಾಡ್ಜಿನಿಂದ ಜನ ಓಡಿ ಬಂದರು. ಅವರು ಕಂಡದ್ದು ಬೀಗರನ್ನು ಎಳೆಯುತ್ತಿದ್ದ ನನ್ನನ್ನು. ಮ್ಯಾನೇಜರು, "ಪುಣ್ಯಾತ್ಮ, ಉಳಿಸಿಬಿಟ್ರಲ್ರೀ" ಅಂದರು. ಆಗ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ನನಗೆ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗೆ ಅಂದುಕೊಂಡೆ.

ಮಧ್ಯಾಹ್ನ ಕಚೇರಿಯವನು ಬಂದು ಹೇಗಾಯಿತು ಅಂತ ಕೇಳಿದ. "ದೋಣಿ ಸೋರ್ತಿತ್ತು ಅನ್ಸುತ್ತೆ" ಅಂದೆ. ಅನ್ಸುತ್ತೆ ಅನ್ನುವುದನ್ನು ಬಿಟ್ಟು ಅವನು ಬರೆದುಕೊಂಡ. ನಾನು ಓದಿ ಸಹಿ ಹಾಕಿದೆ. ಬೀಗರು ಪಕ್ಕದ ಮಂಚದಲ್ಲಿ ಕಂಬಳಿ ಹೊದ್ದು, ನನ್ನ ಕಡೆ ನೋಡಿ ಕೈ ಮುಗಿದರು.

ಅಕ್ಕ ಬರೆದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. "ನಿಮ್ಮ ಹೆಸರೇ ಇರ್ಲಿ" ಅನ್ನುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಗದ ಬಂದಾಗಿನಿಂದ ಕನ್ನಡಿಯಲ್ಲಿ ಮುಖ ನೋಡದೆ ತಡವಿಕೊಂಡೇ ಗಡ್ಡ ಹೆರೆಯುತ್ತಿದ್ದೇನೆ. ಕೆನ್ನೆ ತುಂಬ ಗಾಯ.

ಇದನ್ನು ಬೀಗರಿಗೆ ಹೇಳಿದರೆ ನಿನ್ನ ಭುಜದ ಮೇಲಿನ ಆ ಕೈ ಹೋಗುತ್ತದೆ. ಹೇಳದಿದ್ದರೂ ನನಗೆ ಉಳಿಗಾಲವಿಲ್ಲ. ಏನು ಮಾಡಲಿ ಅಂತ ಮಗಳನ್ನು ಕೇಳುವ ಸ್ಥಿತಿಗೆ ಬಂದಿದ್ದೇನೆ.

ಅಪ್ಪ

ಮೇ ೪

ಅಪ್ಪ,

ಓದಿದೆ. ಹತ್ತು ದಿನದಿಂದ ಉತ್ತರ ಬರೆದು ಹರಿದು ಹಾಕುತ್ತಿದ್ದೇನೆ.

ಕಚೇರಿಗೆ ಬರೆ. ದೋಣಿ ಸೋರುತ್ತಿರಲಿಲ್ಲ ಅಂತ ಬರೆ, ನೀನು ಎದ್ದು ನಿಂತೆ ಅಂತಲೂ ಬರೆ. ಅವಳ ದೋಣಿ ಅವಳಿಗೆ ಸಿಗಲಿ. ಅವಳು ಕೇಳಿದ್ದು ಅಷ್ಟೇ ಅಲ್ಲವೇ? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಉಳಿದದ್ದು ಬೇಡ. ಹೇಳಬೇಡ, ಅಪ್ಪ. ಮಾವ ಬದುಕಿದ್ದಾರೆ, ಯಾರು ಎಳೆದರೇನು. ನಾನು ಈ ಮನೆಯಲ್ಲಿ ಮೊನ್ನೆ ಮೊದಲ ಸಲ ಅತ್ತೆಯ ಪಕ್ಕ ಕೂತು ಊಟ ಮಾಡಿದೆ. ಅಡುಗೆಮನೆ ಬಾಗಿಲಲ್ಲಿ ನಿಂತಲ್ಲ, ಪಕ್ಕದಲ್ಲಿ ಕೂತು. ನನಗೂ ಇನ್ನೊಂದು ಸುದ್ದಿ ಇದೆ. ನವೆಂಬರಿಗೆ ನೀನು ತಾತನಾಗುತ್ತೀಯ. ಇದನ್ನು ಹೀಗೆ, ಇಂಥ ಕಾಗದದಲ್ಲಿ ಬರೆಯಬೇಕಾಯಿತಲ್ಲ ಅಂತ ನನಗೆ ನಿನ್ನ ಮೇಲೆ ಸಿಟ್ಟಿದೆ.

ಈ ಕಾಗದವನ್ನು ಒಲೆಗೆ ಹಾಕು.

ಸೂಜಿ

ಮೇ ೨೪, ಶನಿವಾರ

ಮಗಳೇ,

ತಾತನಾಗುವ ಸುದ್ದಿಗೆ ಉತ್ತರ ಬರೆಯಲು ಕೂತಾಗಲೆಲ್ಲ ಕೈ ನಿಂತುಹೋಗುತ್ತಿತ್ತು. ನಿನ್ನ ಕಾಗದ ಒಲೆಗೆ ಹಾಕಿದೆ. ನೀನು ಹೇಳಿದ್ದನ್ನೂ ಮಾಡಿದೆ. ಕಚೇರಿಗೆ ಬರೆದುಕೊಟ್ಟೆ, ಅಕ್ಕನಿಗೆ ದೋಣಿ, ಪರವಾನಗಿ ಎರಡೂ ವಾಪಸು ಸಿಕ್ಕಿವೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ, ದೇವರಾಣೆ.

ಸೋಮವಾರ ಸಂಘದ ಪುಸ್ತಿಕೆಯ ಹಾಳೆಗಳು ಬಂದವು. ಮುನ್ನೂರು ಪ್ರತಿ. ಹನ್ನೊಂದನೇ ಪುಟದಲ್ಲಿ ನಾನು, ಕೆಳಗೆ "ಪ್ರಾಣರಕ್ಷಕ" ಅಂತ ದಪ್ಪಕ್ಷರ. ಹೊಲಿಯಲು ಹಾಳೆ ಮಡಚಿದರೆ ಮಡಿಕೆ ಸರಿಯಾಗಿ ಆ ಪುಟದ ಅಂಚಿಗೆ ಬರುತ್ತದೆ. ಪ್ರತಿ ಸಲ ಮುಖದ ಪಕ್ಕ ಬೆರಳು ಒತ್ತಬೇಕು. ನಲವತ್ತು ಪ್ರತಿ ಹೊಲಿದೆ. ನಲವತ್ತೊಂದನೆಯದಕ್ಕೆ ಸೂಜಿ ಇಳಿಯಲಿಲ್ಲ. ಸುಳ್ಳಿಗೆ ನಾನೇ ಬೈಂಡಿಂಗ್ ಮಾಡಿಕೊಡುವುದೆಂದರೆ ಅದಕ್ಕೊಂದು ಮಿತಿ ಇರಬೇಕಲ್ಲ.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ಅಂಗಡಿಗೆ ಹೋದೆ. ಬೀಗರು ಗಿರಾಕಿಯೊಬ್ಬರಿಗೆ ಬಟ್ಟೆ ಅಳೆಯುತ್ತಿದ್ದರು. "ಬನ್ನಿ ಬನ್ನಿ! ನಾಳೆ ಬರೋ ಮದುಮಗ ಇವತ್ತೇ ಬಂದ್ಬಿಟ್ರು!" ಅಂದರು. ಗಿರಾಕಿ ಹೋದ ಮೇಲೆ, ಒಳಗೆ ಬನ್ನಿ, ಒಂದು ಮಾತಿದೆ ಅಂದೆ. "ಇಲ್ಲೇ ಹೇಳಿ, ಎಲ್ಲ ನಮ್ಮವರೇ" ಅಂದರು. ಇಬ್ಬರು ಕೆಲಸದವರು ಬಟ್ಟೆಯ ಥಾನುಗಳನ್ನು ಜೋಡಿಸುತ್ತಿದ್ದರು. ಅವರ ಎದುರಿಗೇ ಹೇಳಿದೆ. ನಿನಗೆ ಬರೆದಷ್ಟನ್ನೂ ಹೇಳಿದೆ.

ಬೀಗರು ಅಳೆದಿಟ್ಟ ಬಟ್ಟೆಯನ್ನು ಮಡಿಸುತ್ತಲೇ ಇದ್ದರು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಕೊನೆಗೆ, "ಆ ಕೈ ನಿಮ್ದಲ್ವಾ ಹಾಗಾದ್ರೆ?" ಅಂದರು.

"ಅಲ್ಲ. ದೋಣಿಯಕ್ಕನದು."

"ನಾನು ಅವಳಿಗೊಂದು ಮಾತೂ ಹೇಳ್ದೆ ಬಂದ್ಬಿಟ್ನಲ್ರೀ."

ಅವರು ಬೈಯಲಿಲ್ಲ. ಕೆಲಸದವರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅದು ನನ್ನ ತಲೆ ತಗ್ಗಬೇಕಾದ ಹೊತ್ತು, ತಗ್ಗಿದ್ದು ಅವರದು. ಊರಿಗೆಲ್ಲ ಹೇಳಿಕೊಂಡು ತಿರುಗಿದವರು ಅವರಲ್ಲವೇ. ಆಮೇಲೆ, "ನೀವು ಹೋಗಿ. ಮನೆ ಕಡೆ ಹೋಗ್ಬೇಡಿ, ಹುಡುಗಿ ಗಾಬರಿ ಆಗ್ತಾಳೆ. ಮನೇಲಿ ನಾನೇ ಹೇಳ್ತೀನಿ" ಅಂದರು.

ನೀನು ಬೇಡ ಅಂದಿದ್ದನ್ನು ಮಾಡಿದೆ. ನಿನ್ನ ಗಲ್ಲಿ ದಾಟಿ ಬಸ್ ನಿಲ್ದಾಣಕ್ಕೆ ನಡೆದು ಬಂದೆ. ನಿಮ್ಮ ಮಹಡಿಯಲ್ಲಿ ಒಣಗಲು ಹಾಕಿದ ನಿನ್ನ ಹಳದಿ ಸೀರೆ ಕಾಣುತ್ತಿತ್ತು.

ಅಪ್ಪ

ಆಗಸ್ಟ್ ೧೭

ಅಪ್ಪ,

ಸುಮಾರು ಮೂರು ತಿಂಗಳು ನಾನು ಬರೆಯಲಿಲ್ಲ. ಶನಿವಾರದ ಆ ಕಾಗದವಾದ ಮೇಲೆ ನೀನು ಬರೆದ ನಾಲ್ಕು ಕಾಗದಗಳನ್ನು ಒಡೆಯಲೂ ಇಲ್ಲ. ನಿನ್ನೆ ಕೂತು ಒಟ್ಟಿಗೆ ಓದಿದೆ. ನಾಲ್ಕರಲ್ಲೂ ಹವಾಮಾನವನ್ನೇ ಬರೆದಿದ್ದೀಯ.

ಆ ಶನಿವಾರ ಮಾವ ಮನೆಗೆ ಬಂದು ಕಾಲು ತೊಳೆದು, ನಿಂತುಕೊಂಡೇ ಎಲ್ಲ ಹೇಳಿದರು. ಸಭೆಗೆ ಹೋಗಲಿಲ್ಲ. ಆಮೇಲೆ ಜೂನ್ ಇಡೀ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಮಾವ ಮಾತಾಡದಿದ್ದರೆ ಈ ಮನೆ ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ. ಅತ್ತೆ ಕೀಲಿಯನ್ನು ವಾಪಸು ಕೇಳಲಿಲ್ಲ. ನಾನೇ ಕೊಡಲು ಹೋದೆ. "ಕೀಲಿ ಕೊಟ್ಟಿದ್ದು ಬೀರುವಿಂದು. ನಿಮ್ಮಪ್ಪಂದಲ್ಲ" ಅಂದರು. ಬೇರೇನೂ ಅನ್ನಲಿಲ್ಲ. ಆದರೆ ಆವತ್ತಿನಿಂದ ಪಕ್ಕದ ಮನೆಯಾಕೆ ಬಂದರೆ ನನ್ನನ್ನು ಕರೆಯುತ್ತಿರಲಿಲ್ಲ.

ಕಳೆದ ಶುಕ್ರವಾರ ಅತ್ತೆ ಇದ್ದಕ್ಕಿದ್ದಂತೆ, "ಏ ಹುಡುಗಿ, ಹೊರಡು" ಅಂದರು. ಎಲ್ಲಿಗೆ ಅಂತ ಬಸ್ಸು ಹತ್ತಿದ ಮೇಲೇ ಗೊತ್ತಾದದ್ದು. ಆರು ತಿಂಗಳ ಬಸುರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕುಲುಕಾಡಿದಾಗಲೆಲ್ಲ ಡ್ರೈವರನಿಗೆ ಬೈಯುತ್ತಾ, ಆ ಕೆರೆಯ ಊರಿಗೆ ಕರೆದುಕೊಂಡು ಹೋದರು.

ದೋಣಿಯಕ್ಕ ದಡದಲ್ಲಿ ಬಲೆ ತೇಪೆ ಹಾಕುತ್ತಿದ್ದಳು. ಅತ್ತೆ ಅವಳ ಎದುರು ನಿಂತು, "ನಮ್ಮ ಯಜಮಾನರನ್ನ ಎಳ್ಕೊಂಡು ಬಂದೋಳು ನೀನೇನಾ?" ಅಂದರು. ಅವಳು ಕಣ್ಣು ಕಿರಿದು ಮಾಡಿ, "ದಪ್ಪಗಿದ್ರಲ್ಲ, ಅವರಾ?" ಅಂದಳು. ಅತ್ತೆ ನಕ್ಕುಬಿಟ್ಟರು. ಆಮೇಲೆ ಆ ಮರಳಿನ ಮೇಲೇ ಕುಸಿದು ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಬಲೆಯ ತೂತು ಎಣಿಸುತ್ತಾ ನಿಂತೆ.

ನಾನು ಯಾರ ಮಗಳು ಅಂತ ಅಕ್ಕನಿಗೆ ಹೇಳಿದೆ. ನೀನು ಮಾವನ ಕೈ ಬಿಡಿಸಿಕೊಂಡದ್ದನ್ನೂ ಹೇಳಿ, ಕ್ಷಮಿಸಿ ಅಂದೆ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಮುಳುಗೋವಾಗ ಹಿಡ್ಕೊಂಡ ಕೈನ ಎಲ್ರೂ ಬಿಡಿಸ್ಕೊಳ್ತಾರಮ್ಮ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ. ನನ್ನ ಗಂಡನ ಕೈ ನಾನೂ ಬಿಡಿಸ್ಕೊಂಡೆ. ಅದನ್ನ ನಾನು ಕೇಳಲ್ಲ. ದಡಕ್ಕೆ ಬಂದು ಮೈ ಒರೆಸ್ಕೊಂಡು, ಬಿಸಿಬಿಸಿ ಟೀ ಕುಡಿದು ಸೋರ್ತಿತ್ತು ಅಂದ್ರಲ್ಲ, ಅದಕ್ಕೆ ಬೇಜಾರಾಯ್ತು." ಅಷ್ಟು ಹೇಳಿ ಮತ್ತೆ ಬಲೆ ತೆಗೆದುಕೊಂಡಳು.

ಅಪ್ಪ, ನೀನು ಸುಳ್ಳು ಹೇಳಿದೆ ಅಂತ ನಾನು ಮೂರು ತಿಂಗಳು ಸಿಟ್ಟು ಮಾಡಿಕೊಂಡಿರಲಿಲ್ಲ. ನಿಜ ಹೇಳಿದೆ ಅಂತ ಸಿಟ್ಟು ಮಾಡಿಕೊಂಡಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದಳು ಅಂತ ಓದಿಯೂ ನನಗೆ ನನ್ನ ಊಟದ ಜಾಗವೇ ದೊಡ್ಡದಾಗಿತ್ತು. ಅವಳ ಮುಂದೆ ಕ್ಷಮಿಸಿ ಅಂದಾಗ ಅದರಲ್ಲಿ ಅರ್ಧ ನನ್ನದಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ವಾಪಸು ಬರುವಾಗ ಅತ್ತೆ ಬಸ್ಸಿನಲ್ಲಿ, "ಪ್ರತಿ ವರ್ಷ ಇವರು ಮೀನು ಹಿಡಿಯೋಕೆ ಹೋದ್ರೆ ನನಗೆ ನಾಲ್ಕು ದಿನ ಕಿವಿಗೆ ನೆಮ್ಮದಿ ಅಂದ್ಕೊಳ್ತಿದ್ದೆ" ಅಂದರು. ಆಮೇಲೆ ನಿದ್ದೆ ಹೋದರು, ನನ್ನ ಹೆಗಲ ಮೇಲಲ್ಲ, ಕಿಟಕಿಗೆ ಒರಗಿ.

ಮಾವ ನಿನ್ನ ವಿಷಯ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಕಾಗದ ಬರೆ, ಹವಾಮಾನ ಬೇಡ.

ಸೂಜಿ

ಅಕ್ಟೋಬರ್ ೧೦, ಶುಕ್ರವಾರ

ಸೂಜಿ,

ಕೆರೆಯ ಊರಿನಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿದೆಯೋ ಇಲ್ಲವೋ. ಹೋದ ವಾರ ಬೀಗರಿಂದ ಒಂದು ಕಾರ್ಡ್ ಬಂತು: "ಅಕ್ಟೋಬರ್ ೯. ಅದೇ ಲಾಡ್ಜ್. ಬರುವುದಾದರೆ ಬನ್ನಿ." ಮೇಲೆ ನಮಸ್ಕಾರವಿಲ್ಲ, ಕೆಳಗೆ ಸಹಿಯಿಲ್ಲ.

ನಿನ್ನೆ ಬಂದೆ. ಈ ಸಲ ಬೇರೆ ಬೇರೆ ಕೋಣೆ. ಊಟದ ಮೇಜಿನಲ್ಲಿ ಎದುರುಬದುರು ಕೂತೆವು, ಉಪ್ಪು ಕೊಡಿ ಅನ್ನುವುದನ್ನು ಬಿಟ್ಟು ಅವರು ಏನೂ ಮಾತಾಡಲಿಲ್ಲ. ಗೊರಕೆ ಕೇಳಿಸದೆ ನನಗೆ ನಿದ್ದೆ ಬರಲಿಲ್ಲ ಅಂದರೆ ನಂಬುತ್ತೀಯಾ.

ಇವತ್ತು ಬೆಳಿಗ್ಗೆ ಕೆರೆಗೆ ಹೋದೆವು. ಅಕ್ಕನನ್ನು ಕಂಡು ಬೀಗರು ಕೈ ಮುಗಿದರು, ಅವಳು ನಾಚಿಕೊಂಡು ಹುಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು. ನಾನು ಅವಳ ಎದುರು ನಿಂತೆ. ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವಳೇ, "ಕೂತ್ಕೊಳ್ಳಿ ಸಾರ್. ಈ ಸಲ ನಾನೇ ಹುಟ್ಟು ಹಾಕ್ತೀನಿ" ಅಂದಳು.

ಜಾಕೆಟ್ ಕೊಟ್ಟಳು. ಬೀಗರ ಹೊಟ್ಟೆಗೆ ಪಟ್ಟಿ ಎಟುಕುತ್ತಿರಲಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ, ನನ್ನ ಕಡೆ ನೋಡದೆ, "ಇದನ್ನ ಸ್ವಲ್ಪ ಕಟ್ಟಿ" ಅಂದರು. ನಾನು ಬಗ್ಗಿ ಬಕಲ್ ಹಾಕುತ್ತಿದ್ದೆ. ತಲೆಯ ಮೇಲಿನಿಂದ ಅವರ ದನಿ ಬಂತು.

"ಒಂದು ಕೇಳ್ಬೇಕಿತ್ತು. ನನ್ನ ಕೈ ಬಿಡಿಸಿದ್ರಲ್ಲ... ಒಂದೇ ಸಲ ಕೊಡವಿದ್ರೋ, ಬೆರಳು ಒಂದೊಂದೇ ಬಿಡಿಸಿದ್ರೋ?"

ಇದನ್ನು ನಾನು ನಿನಗೂ ಬರೆದಿರಲಿಲ್ಲ. ಕಚೇರಿಗೂ ಬರೆದಿರಲಿಲ್ಲ, ಅಂಗಡಿಯಲ್ಲೂ ಹೇಳಿರಲಿಲ್ಲ. ಕೇಳುವವರು ಯಾರೂ ಇರುವುದಿಲ್ಲ ಅಂದುಕೊಂಡಿದ್ದೆ.

"ಒಂದೊಂದೇ" ಅಂದೆ.

ಪಟ್ಟಿ ನನ್ನ ಕೈಯಲ್ಲೇ ಇತ್ತು. "ಹೂಂ" ಅಂದರು. "ಬಿಗಿಯಾಗಿ ಹಾಕಿ."

ಅಕ್ಕ ಒಬ್ಬರನ್ನು ಮುಂದೆ, ಒಬ್ಬರನ್ನು ಹಿಂದೆ ಕೂರಿಸಿ ನಡುವೆ ತಾನು ಕೂತಳು. ಮೂರು ಗಂಟೆ ನೀರಿನ ಮೇಲಿದ್ದೆವು. ನನಗೆ ಕಂಡದ್ದು ಅಕ್ಕನ ಬೆನ್ನು, ಅದರಾಚೆ ಬೀಗರ ಟೋಪಿ. ಮೀನು ಒಂದೂ ಕಚ್ಚಲಿಲ್ಲ. ಕಚ್ಚಿದ್ದರೂ ನಾನು ಕೂತಲ್ಲಿಂದ ಅಲುಗಾಡುತ್ತಿರಲಿಲ್ಲ.

ದಡಕ್ಕೆ ಬಂದಾಗ ಮೊದಲು ನಾನು ಇಳಿದು, ಆಸರೆಗೆ ಕೈ ಚಾಚಿದೆ. ಬೀಗರು ನನ್ನ ಕೈಯನ್ನು ನೋಡಿದರು. ಆಮೇಲೆ ಅಕ್ಕನ ಹೆಗಲು ಹಿಡಿದುಕೊಂಡು ಇಳಿದರು. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಜೇಬಿಗೆ ಹಾಕಬೇಕು ಅನ್ನಿಸಿತು, ಹಾಕಲಿಲ್ಲ.

ಗಾಳದ ಪೆಟ್ಟಿಗೆ ಎತ್ತಿಕೊಂಡು ಅವರು ನಾಲ್ಕು ಹೆಜ್ಜೆ ಮುಂದೆ ಹೋದರು. ತಿರುಗಲಿಲ್ಲ, ನಿಂತರು.

"ನಾಳೆ ಆರು ಗಂಟೆಗೆ" ಅಂದರು. "ತಡ ಮಾಡ್ಬೇಡಿ. ಬಿಸಿಲೇರಿದ್ರೆ ಮೀನು ತಳ ಸೇರುತ್ತೆ."

ನಿನ್ನ ಅಪ್ಪ